ಎಲ್ಲಾ ನಮ್ಮವೇ ಅಲ್ಲೇನು? - ಮನೆಯ ವೈಫೈ ಎರಡಾದ ಕಥೆ

ಮೊದಲೇ ಹೇಳಿಬಿಡ್ತೀನಿ, ನಮ್ಮ ಮಂಗಳೂರಿನಲ್ಲಿ ಸಮುದ್ರ ಇಲ್ಲ. ಇದು ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲೂಕಿನಲ್ಲಿತ್ತು, ಈಗ ಕುಕನೂರು ತಾಲೂಕು. ಗೋಳಿಬಜೆ ಸಿಗಲ್ಲ, ಮಿರ್ಚಿ ಮಂಡಕ್ಕಿ ಬೇಕಾದರೆ ಬನ್ನಿ :-)

ನಮ್ಮ ಕಡೆ ಹಳೇ ಮಾಳಿಗೆ ಮನೆಗಳನ್ನು ನೋಡಿದವರಿಗೆ ಗೊತ್ತಿರುತ್ತೆ, ಮನುಷ್ಯರಿಗೂ ದನಗಳಿಗೂ ತಲಬಾಗಿಲು ಒಂದೇ. ಒಳಗೆ ಕಾಲಿಟ್ಟ ಕೂಡಲೇ ಗೋದಲಿ, ಎತ್ತು ಕಟ್ಟುವ ಜಾಗ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಮನೆ. ಎತ್ತು ಮನೆಯದೇ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಪೂಜೆ ಮಾಡ್ತೀವಿ. ಆದರೂ ಅದನ್ನು ಕಾಳಿನ ಚೀಲದ ಹತ್ತಿರ ಯಾರೂ ಬಿಡಲ್ಲ. ಎತ್ತು ಕೆಟ್ಟದ್ದು ಅಂತಲ್ಲ, ಅದಕ್ಕೆ ತಿಳಿಯಲ್ಲ, ಅಷ್ಟೇ.

ಈ ಮಾತು ಯಾಕೆ ಬಂತೆಂದರೆ, ಅಣ್ಣನ ಮನೆಯಲ್ಲಿ ಈಗ ಎರಡು ಕ್ಯಾಮೆರಾ, ಒಂದು ಟಿವಿ, ಫೋನಿನಿಂದಲೇ ಹತ್ತಿಸುವ ನಾಲ್ಕು ಬಲ್ಬು ಇವೆ. ಬ್ಯಾಂಕು, ಫೋನ್‌ಪೇ ಎಲ್ಲಾ ಇರುವ ಅವನ ಫೋನು, ಮಗಳ ಕಾಲೇಜಿನ ಲ್ಯಾಪ್‌ಟಾಪು, ಈ ಕ್ಯಾಮೆರಾಗಳು ಎಲ್ಲವೂ ಒಂದೇ ವೈಫೈನಲ್ಲಿದ್ದವು. ಬೇರೆ ಮಾಡೋಣ ಅಂದೆ. "ಯಾಕೋ ತಮ್ಮಾ, ಎಲ್ಲಾ ನಮ್ಮವೇ ಅಲ್ಲೇನು?" ಅಂದ. ನ್ಯಾಯವಾದ ಪ್ರಶ್ನೆ. ವೈಫೈ ಮಾಡಿದವರೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದರು.

ವೈಫೈ ಮನೆಗಳಿಗೆ ಬಂದದ್ದು 1999ರ ನಂತರ. ಆಗಿನ ಚಿಂತೆಯೆಲ್ಲ ಹೊರಗಿನವನದ್ದು. ಗಾಳಿಯಲ್ಲಿ ಹೋಗುವ ಮಾತನ್ನು ಪಕ್ಕದ ಮನೆಯವ ಕದ್ದು ಕೇಳಬಾರದೆಂದು ವೆಪ್ ಎಂಬ ಬೀಗ ಇತ್ತು. 2001ರಲ್ಲೇ ಮೂವರು ಗೂಢಲಿಪಿ ತಜ್ಞರು ಅದನ್ನು ಹೇಗೆ ಮುರಿಯಬಹುದೆಂದು ತೋರಿಸಿದರು. 2003ರಲ್ಲಿ ಡಬ್ಲ್ಯೂಪಿಎ, ಮರುವರ್ಷ ಡಬ್ಲ್ಯೂಪಿಎ-2 ಬಂದವು. ಬೀಗ ಬದಲಾಗುತ್ತಾ ಹೋಯಿತು, ಬಾಗಿಲು ಮಾತ್ರ ಅದೇ ಒಂದು.

ನಮ್ಮ ದೇಶಕ್ಕೆ ಈ ಬೀಗದ ಬೆಲೆ ಗೊತ್ತಾದದ್ದು 2008ರ ಜುಲೈ 26ರಂದು. ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಬಂದ ಬೆದರಿಕೆ ಇಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬೈನ ಒಂದು ಫ್ಲಾಟಿಗೆ ಬಂದು ನಿಂತರು. ಅಲ್ಲಿದ್ದವರಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ, ಬೀಗವಿಲ್ಲದ ಅವರ ವೈಫೈಯನ್ನು ಯಾರೋ ಬಳಸಿದ್ದರು. ಮುಂದಿನ ವರ್ಷ ದೂರಸಂಪರ್ಕ ಇಲಾಖೆ, ಗ್ರಾಹಕರ ವೈಫೈ ತೆರೆದಿಡಬಾರದೆಂದು ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ಅದೇ 2009ರಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಆಪಲ್ ಕಂಪನಿ ತನ್ನ ಏರ್‌ಪೋರ್ಟ್ ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಕೊಟ್ಟಿತು. ಮನೆಗೆ ಬಂದ ನೆಂಟರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಇಂಟರ್ನೆಟ್ಟಿಗೆ ದಾರಿ ಉಂಟು, ಮನೆಯ ಕಂಪ್ಯೂಟರಿಗೆ ಇಲ್ಲ. ಆಫೀಸುಗಳಲ್ಲಿ ಇದು ಹಳೇ ವಿದ್ಯೆ. ಒಂದೇ ತಂತಿಯಲ್ಲಿ ಹಲವು ನೆಟ್‌ವರ್ಕ್ ಹರಿಸುವ ವಿಲ್ಯಾನ್ ಎಂಬುದಕ್ಕೆ 1998ರಲ್ಲೇ ಮಾನಕ ಬಂದಿತ್ತು. ಮನೆಗಳಿಗೆ ಮಾತ್ರ ಅದು ಬಂದದ್ದು ನೆಂಟರ ಹೆಸರಿನಲ್ಲಿ. ಅನುಮಾನ ಇನ್ನೂ ಮನುಷ್ಯರ ಮೇಲೇ ಇತ್ತು, ವಸ್ತುಗಳ ಮೇಲಲ್ಲ.

ಅದು ತಿರುಗಿದ್ದು 2016ರಲ್ಲಿ. ಮಿರೈ ಎಂಬ ಕುತಂತ್ರಾಂಶ. ಅದರ ಬುದ್ಧಿವಂತಿಕೆ ಏನೂ ದೊಡ್ಡದಲ್ಲ ಮಾರಾಯರೇ! ಕಾರ್ಖಾನೆಯಲ್ಲಿ ಹಾಕಿ ಕಳಿಸಿದ ಹೆಸರು-ಪಾಸ್‌ವರ್ಡುಗಳ ಅರುವತ್ತು ಚಿಲ್ಲರೆ ಜೋಡಿಗಳ ಒಂದು ಪಟ್ಟಿ. ಕ್ಯಾಮೆರಾ, ಡಿವಿಆರ್, ರೂಟರು ಸಿಕ್ಕ ಸಿಕ್ಕಲ್ಲಿ ಅವನ್ನು ಒಂದೊಂದಾಗಿ ಹಾಕಿ ನೋಡುವುದು. ಲಕ್ಷಗಟ್ಟಲೆ ಬಾಗಿಲು ತೆರೆದವು. ಅಕ್ಟೋಬರ್ 21ರಂದು ಆ ಸಾಧನಗಳೆಲ್ಲ ಸೇರಿ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತಡವರಿಸಿದವು. ಮಿರೈ ಬರೆದವರು ಮೂವರು ಹುಡುಗರು. ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಪೈಪೋಟಿಯಲ್ಲಿ ಹುಟ್ಟಿದ ಜಗಳ ಇಲ್ಲಿಗೆ ಬಂದು ನಿಂತಿತ್ತು.

ನಮ್ಮ ರಾಜ್ಯದ ಸರದಿ ಬಂದದ್ದು 2017ರ ಜುಲೈ ಕೊನೆಯ ವಾರ. ಬಿಎಸ್ಸೆನ್ನೆಲ್ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಸತ್ತವು. ಸುಮಾರು 60,000 ಮೋಡೆಮ್‌ಗಳು ಹಾಳಾದವೆಂದು ಆಗ ವರದಿಯಾಯಿತು. ಹೆಚ್ಚಿನವಕ್ಕೆ ಕಾರ್ಖಾನೆಯ ಅಡ್ಮಿನ್ ಎಂಬ ಪಾಸ್‌ವರ್ಡೇ ಇತ್ತು, ಬದಲಾಯಿಸಿ ಎಂದು ಕಂಪನಿ ಗ್ರಾಹಕರನ್ನು ಕೇಳಿಕೊಂಡಿತು. ಬ್ರಿಕರ್‌ಬಾಟ್ ಎಂಬುದನ್ನು ಬರೆದ ಅನಾಮಿಕನೊಬ್ಬ ಇದು ತನ್ನ ಕೆಲಸ ಎಂದ. ಅವನ ವಾದ ವಿಚಿತ್ರ: ಅಭದ್ರ ಸಾಧನಗಳು ಮಿರೈ ಕೈಗೆ ಸಿಕ್ಕು ಊರಿಗೆಲ್ಲ ಉಪದ್ರವ ಕೊಡುವ ಬದಲು ತಾನೇ ಕೊಂದುಬಿಡುವುದು ಮೇಲು! ಯಾರದ್ದೋ ಬೇಲಿ ಸರಿಯಿಲ್ಲ ಅಂತ ಎತ್ತಿಗೇ ವಿಷ ಹಾಕಿದ ಹಾಗೆ. ನನಗಂತೂ ಆ ವಾದ ಒಪ್ಪಿಗೆಯಿಲ್ಲ.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ವೈಫೈ ಇಬ್ಭಾಗ ಮಾಡಿದ್ದರೆ ಆ 60,000 ಮೋಡೆಮ್‌ಗಳು ಉಳಿಯುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಬಿದ್ದದ್ದು ತಲಬಾಗಿಲೇ. ಅದಕ್ಕೆ ಮದ್ದು ಪಾಸ್‌ವರ್ಡು, ಹೊಸ ಫರ್ಮ್‌ವೇರು. ಒಳಗೋಡೆಯ ಕೆಲಸ ಬೇರೆ. ಒಂದೇ ವೈಫೈನಲ್ಲಿರುವ ಸಾಧನಗಳು ಒಂದನ್ನೊಂದು ನೇರ ಮಾತಾಡಿಸಬಹುದು, ರೂಟರಿನ ಫೈರ್‌ವಾಲ್ ಸಾಮಾನ್ಯವಾಗಿ ನಡುವೆ ಬರುವುದಿಲ್ಲ. ಹಾಗಾಗಿ ಒಂದು ಕ್ಯಾಮೆರಾ ಕೆಟ್ಟರೆ ಅದು ಲ್ಯಾಪ್‌ಟಾಪಿನ ಬಾಗಿಲನ್ನು ರಾತ್ರಿಯಿಡೀ ತಟ್ಟುತ್ತಾ ಕೂರಬಹುದು. ಉತ್ತರ ಅಮೆರಿಕದ ಒಂದು ಕ್ಯಾಸಿನೋದಲ್ಲಿ ಮೀನಿನ ತೊಟ್ಟಿಯ ಮೂಲಕ ಒಳನುಗ್ಗಿ ಮಾಹಿತಿ ಕದ್ದದ್ದನ್ನು ಡಾರ್ಕ್‌ಟ್ರೇಸ್ ಕಂಪನಿ 2017ರಲ್ಲಿ ಹೇಳಿತ್ತು. ತೊಟ್ಟಿಯ ನೀರಿನ ಬಿಸಿ ಅಳೆಯಲು ಇಂಟರ್ನೆಟ್ ಕೊಟ್ಟಿದ್ದರಂತೆ! 2019ರಲ್ಲಿ ಅಮೆರಿಕದ ಎಫ್‌ಬಿಐನವರೇ ಫ್ರಿಜ್ಜು ಮತ್ತು ಲ್ಯಾಪ್‌ಟಾಪು ಒಂದೇ ನೆಟ್‌ವರ್ಕಿನಲ್ಲಿ ಬೇಡ ಎಂದು ಜನರಿಗೆ ಬುದ್ಧಿ ಹೇಳಿದರು. ನೆಂಟರಿಗೆಂದು ಮಾಡಿದ್ದ ಆ ಗೆಸ್ಟ್ ನೆಟ್‌ವರ್ಕ್ ಹೀಗೆ ನಿಧಾನಕ್ಕೆ ಗೋದಲಿಯಾಯಿತು.

ಅಣ್ಣನ ಮನೆಯಲ್ಲಿ ಮಾಡಿದ್ದೂ ಇದನ್ನೇ, ಹತ್ತು ನಿಮಿಷದ ಕೆಲಸ. ಮಾಡುವವರಿಗೆ ಎರಡು ವಿಷಯ. ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ಕಂಡರೆ ಬೇರೆಯಾಯಿತು ಅಂದುಕೊಳ್ಳಬೇಡಿ. ಅದು ಒಂದೇ ಪಡಸಾಲೆಗೆ ಎರಡು ಕಿಟಕಿ ಇದ್ದ ಹಾಗೆ, ಒಳಗೆ ಎಲ್ಲರೂ ಒಟ್ಟಿಗೇ ಇರ್ತಾರೆ. ಗೆಸ್ಟ್ ಅಂತಲೇ ಇರುವುದನ್ನು ಆನ್ ಮಾಡಬೇಕು. ಮಾಡಿದ ಮೇಲೆ ಅದರೊಳಗೆ, ಲೋಕಲ್ ನೆಟ್‌ವರ್ಕ್ ನೋಡಲು ಅತಿಥಿಗಳಿಗೆ ಬಿಡಬೇಕೇ ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಇಡಬೇಕು. ಇಂಥ ಬಹಳಷ್ಟು ಬಲ್ಬು, ಕ್ಯಾಮೆರಾಗಳಿಗೆ 2.4 ಮಾತ್ರ ಸಾಕು, ತೊಂದರೆ ಆಗಲ್ಲ.

ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದ ಆದೇಶ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ಅದು ಮಾರಾಟಕ್ಕೆ ಬರುವ ಮಾಲಿನ ಮಾತು. ಅದಕ್ಕೂ ಮುಂಚೆ ಗೋಡೆ ಏರಿ ಕೂತಿರುವ ಕ್ಯಾಮೆರಾಗಳಿಗೆ ಹೊಸ ಫರ್ಮ್‌ವೇರ್ ಕಳಿಸುವ ಕಂಪನಿ ಈಗ ಇದೆಯೋ ಇಲ್ಲವೋ, ಮನೆಯವರೇ ನೋಡಿಕೊಳ್ಳಬೇಕು.

ತಲೆನೋವಾಗಿ ಉಳಿದಿರುವುದು ಟಿವಿ ಒಂದೇ. ಗೋದಲಿ ಕಡೆ ಕಟ್ಟಿದರೆ ಫೋನಿನಲ್ಲಿರುವ ಮದುವೆ ಫೋಟೋ ಅದರಲ್ಲಿ ತೋರಿಸಲು ಬರಲ್ಲ, ಪಡಸಾಲೆಗೆ ತಂದರೆ ನನಗೆ ಸಮಾಧಾನ ಇಲ್ಲ. ಸದ್ಯಕ್ಕೆ ಪಡಸಾಲೆಯಲ್ಲೇ ಇದೆ. ನೀವು ನಿಮ್ಮ ಮನೆಯಲ್ಲಿ ಎಲ್ಲಿ ಕಟ್ಟಿದ್ದೀರಿ?