ಶಂಕರಪುರ ಮಲ್ಲಿಗೆಯ ಮಾರಾಟ ವ್ಯವಸ್ಥೆ

ಶಂಕರಪುರ ಮಲ್ಲಿಗೆಯ ಮಾರಾಟ ವ್ಯವಸ್ಥೆಯು ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಶಂಕರಪುರವನ್ನು ಕೇಂದ್ರವಾಗಿ ಹೊಂದಿರುವ ಒಂದು ಸ್ಥಳೀಯ ವ್ಯಾಪಾರ ಪದ್ಧತಿ. ಮನೆಯಂಗಳದಲ್ಲಿ ಹೂ ಬೆಳೆಯುವ ಕುಟುಂಬಗಳು, ಹೂ ಸಂಗ್ರಹಿಸುವ ಕಟ್ಟೆಯ ವ್ಯಾಪಾರಿಗಳು ಮತ್ತು ಪೇಟೆಯ ಹೂವಿನಂಗಡಿಗಳನ್ನು ಇದು ದಿನಕ್ಕೊಂದು ದರದ ಮೂಲಕ ಒಟ್ಟುಗೂಡಿಸುತ್ತದೆ. ಈ ಹೂವಿಗೆ 'ಉಡುಪಿ ಮಲ್ಲಿಗೆ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಮೈಸೂರು ಮಲ್ಲಿಗೆ ಹಾಗೂ ಹಡಗಲಿ ಮಲ್ಲಿಗೆಗಳೂ ಅದೇ ಮಾನ್ಯತೆ ಪಡೆದಿವೆ. ಸಸ್ಯಶಾಸ್ತ್ರೀಯವಾಗಿ ಇದು ಜಾಸ್ಮಿನಮ್ ಸಂಬಾಕ್ ಪ್ರಭೇದಕ್ಕೆ ಸೇರಿದೆ.

ಅಳತೆ

ಬೆಂಗಳೂರು, ಮೈಸೂರುಗಳಲ್ಲಿ ಕಟ್ಟಿದ ಹೂವನ್ನು ಮೊಳ, ಮಾರುಗಳಲ್ಲಿ ಅಳೆದು ಮಾರುತ್ತಾರೆ. ಅಳೆಯುವವರ ಕೈ ಮತ್ತು ಕಟ್ಟಿನ ಒತ್ತು ಬದಲಾದಂತೆ ಹೂವಿನ ಪ್ರಮಾಣವೂ ಬದಲಾಗುತ್ತದೆ. ಶಂಕರಪುರದಲ್ಲಿ ಎಣಿಕೆಯೇ ಅಳತೆ. ಸುಮಾರು 800 ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಅಂದರೆ ಅಟ್ಟೆಯೊಂದರಲ್ಲಿ ಸುಮಾರು 3,200 ಮೊಗ್ಗುಗಳಿರುತ್ತವೆ. ಬೆಳೆಗಾರ, ಕಟ್ಟೆಯವ, ಅಂಗಡಿಯವ ಮೂವರೂ ಇದೇ ಮಾತಿನಲ್ಲಿ ವ್ಯವಹರಿಸುವುದರಿಂದ 'ಇಂದು ಅಟ್ಟೆಗೆ ಇಷ್ಟು' ಎಂಬ ಒಂದೇ ವಾಕ್ಯ ಇಡೀ ಮಾರುಕಟ್ಟೆಗೆ ಸಾಕಾಗುತ್ತದೆ. ಈ ವ್ಯಾಪಾರದ ಬೆನ್ನೆಲುಬು ಇದೇ ಎನ್ನಬಹುದು.

ದಿನಚರಿ ಮತ್ತು ದರ ನಿಗದಿ

ಶಂಕರಪುರವಲ್ಲದೆ ಇನ್ನಂಜೆ, ಶಿರ್ವ, ಕುತ್ಯಾರು, ಬೆಳ್ಳೆ ಮುಂತಾದ ಗ್ರಾಮಗಳಲ್ಲಿಯೂ ಮಲ್ಲಿಗೆ ಕೃಷಿಯಿದೆ. ಹೆಚ್ಚಿನವು ಕೆಲವು ಸೆಂಟ್ಸ್ ಜಾಗದ ಚಿಕ್ಕ ತೋಟಗಳು. ಕೊಯ್ಯುವ ಮತ್ತು ಕಟ್ಟುವ ಕೆಲಸದಲ್ಲಿ ಮಹಿಳೆಯರ ಪಾಲೇ ದೊಡ್ಡದು. ಮೊಗ್ಗು ಅರಳುವ ಮೊದಲೇ, ನಸುಕಿನಲ್ಲಿ ಕೊಯ್ಲು ಆರಂಭವಾಗುತ್ತದೆ. ಕಟ್ಟಿದ ಹೂ ಬೆಳಗ್ಗೆಯೇ ಕಟ್ಟೆ ತಲುಪಬೇಕು, ಏಕೆಂದರೆ ಅದು ಅಲ್ಲಿಂದ ಉಡುಪಿ, ಮಣಿಪಾಲ, ಕಾರ್ಕಳ, ಮಂಗಳೂರುಗಳ ಅಂಗಡಿಗಳಿಗೂ ಮುಂಬಯಿಗೂ ಹೋಗಬೇಕಾಗಿರುತ್ತದೆ. ಇಂದಿನ ಹೂವನ್ನು ನಾಳೆಯ ದರಕ್ಕಾಗಿ ಕಾದಿರಿಸುವುದು ಸಾಧ್ಯವಿಲ್ಲ.

ಆಯಾ ದಿನ ಕಟ್ಟೆಗೆ ಬಂದ ಹೂವಿನ ಪ್ರಮಾಣ ಮತ್ತು ಪೇಟೆಗಳಿಂದ ಬಂದ ಬೇಡಿಕೆಯನ್ನು ನೋಡಿ ಶಂಕರಪುರದಲ್ಲಿ ದರ ನಿಗದಿಯಾಗುತ್ತದೆ. ಬೆಳೆಗಾರರು ಹೂವನ್ನು ಒಪ್ಪಿಸುವ ವೇಳೆಗೆ ದರ ಗೊತ್ತಿರಬೇಕೆಂದೇನೂ ಇಲ್ಲ. ಈಚಿನ ವರ್ಷಗಳಲ್ಲಿ ಬೇಡಿಕೆ ಏರಿದ ದಿನಗಳಂದು ಕಟ್ಟೆಯ ದರ ಅಟ್ಟೆಗೆ 2,100 ರೂಪಾಯಿ ಮುಟ್ಟಿದ ವರದಿಗಳು ಕರಾವಳಿಯ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿವೆ. ಆ ಲೆಕ್ಕದಲ್ಲಿ ಒಂದು ಮೊಗ್ಗಿಗೆ ಸುಮಾರು 65 ಪೈಸೆ ಸಿಗುತ್ತದೆ. ಅಟ್ಟೆಯ ದರ 320 ರೂಪಾಯಿಗೆ ಇಳಿದರೆ ಅದೇ ಮೊಗ್ಗಿಗೆ 10 ಪೈಸೆ. ಕೊಯ್ಯುವ ಮತ್ತು ಕಟ್ಟುವ ದುಡಿಮೆ ಮಾತ್ರ ಎರಡೂ ದಿನ ಒಂದೇ. ಪತ್ರಿಕೆಯ ದರಪಟ್ಟಿಯಲ್ಲಿ ಈ ಸಂಗತಿ ಕಾಣುವುದಿಲ್ಲ.

ಬೇಸಿಗೆಯಲ್ಲಿ ಇಳುವರಿ ಹೆಚ್ಚು. ಮಳೆಗಾಲದಲ್ಲೂ ಚಳಿಯಲ್ಲೂ ಕಡಿಮೆ. ಬೇಡಿಕೆಯಾದರೋ ಪಂಚಾಂಗವನ್ನು ಅನುಸರಿಸುತ್ತದೆ. ಮದುವೆಯ ಮುಹೂರ್ತಗಳು, ನಾಗರ ಪಂಚಮಿ, ಭೂತಕೋಲ, ಕಾಪುವಿನ ಮಾರಿಗುಡಿಗಳ ಮಾರಿಪೂಜೆ ಇವುಗಳ ದಿನಗಳಲ್ಲಿ ಹೂ ಸಾಲದೆ ಬರುತ್ತದೆ. ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಬೇಡಿಕೆ ತಗ್ಗುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಸಮಾರಂಭಗಳೂ ಸಾಗಾಟವೂ ಒಟ್ಟಿಗೆ ನಿಂತುದರಿಂದ, ಗಿಡಗಳು ಹೆಚ್ಚು ಹೂ ಬಿಡುವ ಋತುವಿನಲ್ಲಿಯೇ ಕೊಳ್ಳುವವರಿಲ್ಲದಂತಾಯಿತು.

ಸುದ್ದಿ ಮತ್ತು ಲೆಕ್ಕ

ಈ ವ್ಯಾಪಾರದಲ್ಲಿ ಜಾಹೀರಾತಿಗೆ ಸ್ಥಾನವಿಲ್ಲವೆಂದೇ ಹೇಳಬೇಕು. ಇಲ್ಲಿ ಪ್ರಚಾರವಾಗುವುದು ಸರಕಿನ ಗುಣವಲ್ಲ, ದರ. ಹಿಂದೆ ಬಾಯಿಮಾತಿನಿಂದಲೂ ದೂರವಾಣಿಯಿಂದಲೂ ಹರಡುತ್ತಿದ್ದ ದರ ಈಗ ಮೊಬೈಲ್ ಸಂದೇಶಗಳ ಮೂಲಕ ತಕ್ಷಣ ತಿಳಿಯುತ್ತದೆ. ಪತ್ರಿಕೆಗಳೂ ಅದನ್ನು ಪ್ರಕಟಿಸುತ್ತವೆ. ಅಂಗಡಿಯ ಚಿಲ್ಲರೆ ದರವು ಸಾಗಾಟದ ವೆಚ್ಚ ಮತ್ತು ಲಾಭ ಸೇರಿ ಕಟ್ಟೆಯ ದರಕ್ಕಿಂತ ಹೆಚ್ಚಿರುತ್ತದೆ. ಕಟ್ಟೆಯ ದರ ಎಲ್ಲರಿಗೂ ತಿಳಿದಿರುವುದರಿಂದ ಬೆಳೆಗಾರರು ಈ ಅಂತರವನ್ನು ತಾವೇ ಲೆಕ್ಕ ಹಾಕಿಕೊಳ್ಳಬಲ್ಲರು.

ದಿನದ ಹೂ, ದಿನದ ದರ ಬೇರೆಬೇರೆಯಾಗುವುದರಿಂದ ಪುಸ್ತಕದಲ್ಲಿ ಬರೆದಿಡದಿದ್ದರೆ ತಿಂಗಳ ಆದಾಯ ತಿಳಿಯದು. ಇಂಥ ಬಿಡಿ ಆದಾಯವನ್ನು ಕೂಡಿಡುವುದಕ್ಕೆ ಜಿಲ್ಲೆಯಲ್ಲಿ ಹಳೆಯ ದಾರಿಯೊಂದಿದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಸ್ಥಾಪಿಸಿದ, ಮುಂದೆ ಮಣಿಪಾಲದಲ್ಲಿ ನೆಲೆಸಿ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 'ಪಿಗ್ಮಿ' ಎಂಬ ಪದ ಮಾತ್ರ ಸಹಕಾರ ಸಂಘಗಳ ದೈನಿಕ ಉಳಿತಾಯಕ್ಕೂ ಅನ್ವಯವಾಗಿ ಬಳಕೆಯಲ್ಲಿ ಉಳಿದಿದೆ.

ಹೆಸರಿನ ರಕ್ಷಣೆ

ಇದೇ ತಾಲೂಕಿನ ಮಟ್ಟು ಗ್ರಾಮದ ಬದನೆ 'ಮಟ್ಟುಗುಳ್ಳ'ವೂ ಭೌಗೋಳಿಕ ಸೂಚಕ ಪಡೆದ ಬೆಳೆ. ಬೇರೆ ಕಡೆಯ ಗುಳ್ಳ ಅದೇ ಹೆಸರಿನಲ್ಲಿ ಮಾರಾಟವಾಗುವುದನ್ನು ತಡೆಯಲು ಅಲ್ಲಿನ ಬೆಳೆಗಾರರ ಸಂಘವು ಕಾಯಿಗಳಿಗೆ ಸ್ಟಿಕ್ಕರ್ ಅಂಟಿಸುವ ಕ್ರಮವನ್ನು ತಂದಿತು. ಮಲ್ಲಿಗೆಯ ಮೊಗ್ಗಿಗೆ ಅಂಥ ಗುರುತು ಹಚ್ಚಲಾಗದು. ಪೇಟೆಯಲ್ಲಿ ಭಟ್ಕಳ ಮಲ್ಲಿಗೆಯೂ ಇದರ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ಗ್ರಾಹಕರು ಎರಡನ್ನೂ ಪ್ರತ್ಯೇಕಿಸುವುದು ಕಟ್ಟು, ಪರಿಮಳ ಮತ್ತು ಅಂಗಡಿಯವರ ಮಾತಿನ ಆಧಾರದ ಮೇಲೆ.