ಛಲವೆಂಬ ಪದದ ಹಾದಿ

ಪಂಪನು ಸುಮಾರು ಕ್ರಿ. ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಅವನಿಗೆ ಆಶ್ರಯವಿತ್ತ ಅರಿಕೇಸರಿಯ ರಾಜಧಾನಿ ವೇಮುಲವಾಡವು ಇಂದು ತೆಲಂಗಾಣದಲ್ಲಿದೆ. ಕಾವ್ಯದ ಕೊನೆಯ ಭಾಗದ ಒಂದು ಪದ್ಯದಲ್ಲಿ ಕವಿಯು ಭಾರತದ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಗುಣವನ್ನು ಹೇಳುತ್ತಾನೆ. ನನ್ನಿಗೆ ಕರ್ಣ, ಉನ್ನತಿಗೆ ಭೀಷ್ಮ, ಸಾಹಸಕ್ಕೆ ಅರ್ಜುನ, ಧರ್ಮಕ್ಕೆ ಧರ್ಮರಾಯ. ಆದರೆ ಇವರೆಲ್ಲರಿಗಿಂತ ಮೊದಲು ಬರುವ ಹೆಸರು ದುರ್ಯೋಧನನದು. ಅವನಿಗೆ ಸಂದ ಗುಣ ಛಲ.

ಈ ಪದ್ಯವನ್ನು ತರಗತಿಯಲ್ಲಿ ಓದಿಸುವಾಗ ಗಡಿನಾಡಿನ ಅಧ್ಯಾಪಕನಿಗೆ ಒಂದು ತೊಡಕು ಎದುರಾಗುತ್ತದೆ. ನಮ್ಮ ವಿದ್ಯಾರ್ಥಿಯ ಕಿವಿಯಲ್ಲಿ ಎರಡು ಮೂರು ಭಾಷೆಗಳು ಒಟ್ಟಿಗೆ ಆಡುತ್ತಿರುತ್ತವೆ. ಹಿಂದಿಯ ಪಾಠದಲ್ಲಿ ‘ಛಲ್’ ಎಂದರೆ ಮೋಸವೆಂದು ಅವನು ಕಲಿತಿರುತ್ತಾನೆ. ಅದೇ ಅರ್ಥವನ್ನು ಇಲ್ಲಿಗೂ ತಂದರೆ ‘ಮೋಸಕ್ಕೆ ದುರ್ಯೋಧನ’ ಎಂದಾಗುತ್ತದೆ. ಜೂಜಿನ ಕಥೆಯನ್ನು ಬಲ್ಲ ಹುಡುಗನಿಗೆ ಇದು ಸರಿಯೆಂದೇ ತೋರುವುದರಿಂದ ತಪ್ಪು ಹೊರಗೆ ಕಾಣುವುದೇ ಇಲ್ಲ. ಕವಿ ಮಾಡಿದ ಹೊಗಳಿಕೆ ಸದ್ದಿಲ್ಲದೆ ತೆಗಳಿಕೆಯಾಗಿ ಬಿಡುತ್ತದೆ.

ಹಿಂದಿಯ ಅರ್ಥವು ಸಂಸ್ಕೃತದಿಂದ ಬಂದುದು. ಅಲ್ಲಿ ಛಲವೆಂದರೆ ವಂಚನೆ, ನೆಪ. ನ್ಯಾಯಶಾಸ್ತ್ರವು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಛಲವೂ ಒಂದು. ಎದುರಾಳಿಯ ಮಾತನ್ನು ಅವನು ಉದ್ದೇಶಿಸದ ಅರ್ಥಕ್ಕೆ ತಿರುಗಿಸಿ ಖಂಡಿಸುವುದೇ ಅದು. ವಾತ್ಸ್ಯಾಯನನ ಭಾಷ್ಯದಲ್ಲಿ ಇದಕ್ಕೆ ಸೊಗಸಾದ ನಿದರ್ಶನವಿದೆ. ಹುಡುಗನೊಬ್ಬನು ನವಕಂಬಲವನ್ನು ಹೊದೆದಿದ್ದಾನೆಂದು ಒಬ್ಬನು ಹೇಳುತ್ತಾನೆ. ಅವನ ಮನಸ್ಸಿನಲ್ಲಿರುವುದು ಹೊಸ ಕಂಬಳಿ. ಕೇಳಿದವನಾದರೋ, ಇರುವುದು ಒಂದೇ ಕಂಬಳಿ, ಒಂಬತ್ತೆಲ್ಲಿವೆ ಎಂದು ವಾದಿಸುತ್ತಾನೆ. ನಮ್ಮ ಕಿರಿಯ ವಿದ್ಯಾರ್ಥಿಗಳಲ್ಲಿ ಈ ಶಾಸ್ತ್ರದ ಪಂಡಿತರು ಕಡಮೆಯಿಲ್ಲ!

ಕನ್ನಡವು ಈ ಪದವನ್ನು ಪಡೆದು, ಹಲವೆಡೆ ‘ಚಲ’ವೆಂದು ಬರೆದು, ತನ್ನದೇ ದಾರಿಯಲ್ಲಿ ನಡೆಯಿಸಿತು. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದ ರಾಷ್ಟ್ರಕೂಟರ ನಾಲ್ಕನೆಯ ಇಂದ್ರನಿಗೆ ಅಲ್ಲಿಯ ಶಾಸನವು ಛಲವನ್ನು ಕುರಿತ ಬಿರುದುಗಳನ್ನು ಕೊಟ್ಟಿದೆ. ತನ್ನ ಒಡೆಯನನ್ನು ವಂಚಕನೆಂದು ಕಲ್ಲಿನಲ್ಲಿ ಕೆತ್ತಿಸುವವರುಂಟೆ? ರನ್ನನ ‘ಗದಾಯುದ್ಧ’ದಲ್ಲಿ ಅರ್ಥವು ಇನ್ನೂ ನಿಚ್ಚಳ. ಶರಶಯ್ಯೆಯಲ್ಲಿರುವ ಭೀಷ್ಮನು ಸಂಧಿಯ ಮಾತೆತ್ತಿದಾಗ, ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದು ದುರ್ಯೋಧನನು ಉತ್ತರಿಸುತ್ತಾನೆ. ಕರ್ಣನಿಲ್ಲದ ನೆಲ ಅವನಿಗೆ ಬರಿಯ ಪಾಳು. ಹನ್ನೆರಡನೆಯ ಶತಮಾನಕ್ಕೆ ಬಂದರೆ ರಣರಂಗದ ಈ ಪದವನ್ನು ಬಸವಣ್ಣನವರು ಒಳಬಾಳಿಗೆ ತರುತ್ತಾರೆ. ಪರಧನವನ್ನು ಒಲ್ಲೆನೆಂಬ ನಿಲುವೂ ಅವರಿಗೆ ಛಲವೇ. ಶರಣನಿಗೆ ಅದು ಬೇಕೇ ಬೇಕು.

ಮೋಸವು ದೃಢತೆಯಾದದ್ದು ಹೇಗೆ? ವಾದದಲ್ಲಿ ಮಾತು ತಿರುಚುವವನು ಸೋಲನ್ನು ಒಪ್ಪದವನೂ ಹೌದು. ತಿರುಚುವಿಕೆ ಮರೆತು ಒಪ್ಪದಿರುವಿಕೆ ಉಳಿಯಿತೆಂದು ನನ್ನ ಊಹೆ. ನೆರೆಯ ಭಾಷೆಗಳಲ್ಲಿ ಪದವು ಬೇರೆ ಬೇರೆ ಕಡೆಗೆ ಹೊರಳಿದೆ. ತೆಲುಗಿನ ‘ಚಲಮು’ ಹಟದ ಹತ್ತಿರ ನಿಂತಿದೆ. ಮರಾಠಿಯಲ್ಲಿ ‘ಛಳ’ವೆಂದರೆ ಪೀಡನೆ, ಕಿರುಕುಳ, ಆದುದರಿಂದ ಅಕ್ಕಲಕೋಟೆಯ ಹುಡುಗನು ‘ಛಲವಂತ’ನೆಂಬ ಮಾತನ್ನು ಕೇಳಿ ಬೆದರಿದರೆ ಅವನನ್ನು ಗದರಿಸುವುದು ನ್ಯಾಯವಲ್ಲ.

ಇನ್ನು ಪದಾರ್ಥ ಬರೆಯಿಸುವ ನಮ್ಮ ಪದ್ಧತಿ. ಛಲ ಎಂದರೆ ಹಟ, ಹಟ ಎಂದರೆ ಮೊಂಡುತನ ಎಂದು ಹಲಗೆಯ ಮೇಲೆ ಬರೆದು ಮುಂದೆ ಸಾಗುತ್ತೇವೆ. ಇದನ್ನು ನಾನು ಒಪ್ಪಲಾರೆ. ಸಂಸ್ಕೃತದಲ್ಲಿ ಬಲಾತ್ಕಾರವನ್ನು ಸೂಚಿಸುತ್ತಿದ್ದ ‘ಹಠ’ವು ಕನ್ನಡದ ಮನೆಯಲ್ಲಿ ಮಗುವಿನ ಹಟವಾಗಿದೆ; ಅದಕ್ಕೆ ಇನ್ನೊಬ್ಬರಿಂದ ಏನಾದರೂ ದೊರೆಯಬೇಕು, ದೊರೆತೊಡನೆ ಅದು ತಣಿಯುತ್ತದೆ. ಮೊಂಡು ಎಂಬುದು ಹರಿತವಿಲ್ಲದ ಕತ್ತಿಗೆ ಹೇಳುವ ಮಾತು. ಮೊಂಡನಿಗೆ ಗುರಿಯೇ ಇರಬೇಕಾಗಿಲ್ಲ, ಬುದ್ಧಿಮಾತು ಒಳಹೋಗದಿದ್ದರೆ ಸಾಕು. ಅರಬ್ಬಿ ಮೂಲದ ಜಿದ್ದಿಗೆ ಎದುರಾಳಿ ಬೇಕು. ಅವನು ಊರು ಬಿಟ್ಟರೆ ಜಿದ್ದೂ ಮುಗಿಯಿತು. ಛಲಕ್ಕೆ ಇವು ಯಾವುವೂ ಅನಿವಾರ್ಯವಲ್ಲ. ಛಲಗಾರನು ಮೊದಲು ತನ್ನನ್ನೇ ಪಣಕ್ಕೆ ಒಡ್ಡುತ್ತಾನೆ. ಹಟದಲ್ಲಿ ಬೇಡಿಕೆಯಿದೆ, ಛಲದಲ್ಲಿ ತೆರುವುದಿದೆ.

ಹಾಗೆಂದು ಛಲವು ಸದ್ಗುಣವೆಂದೇ ತಿಳಿಯಬಾರದು. ಹಗೆಯನ್ನು ಬಿಡದವನೂ ಛಲ ಸಾಧಿಸಿದನೆಂದೇ ನಾವು ಹೇಳುತ್ತೇವೆ. ದುರ್ಯೋಧನನ ಛಲವು ಅವನ ಕುಲವನ್ನೇ ನುಂಗಿತು. ಪಂಪನ ಕಥಾನಾಯಕನು ಅರ್ಜುನ. ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿಯೇ ಅವನು ಕಾವ್ಯವನ್ನು ಕಟ್ಟಿದನು. ಹಾಗಿದ್ದೂ ನಾಯಕನ ಹಗೆಯ ಹೆಸರನ್ನು ಆ ಸಾಲಿನ ಮೊದಲಿಗಿಟ್ಟನು. ಒಬ್ಬನ ಗುಣ ಬೇರೆ, ಅವನು ಹಿಡಿದ ಪಕ್ಷ ಬೇರೆ ಎಂದು ಹೇಳಲು ಕವಿಗೆ ಅನುವಾದದ್ದು ಈ ಪದ.

ಆದೋನಿ, ರಾಯದುರ್ಗಗಳ ಕಡೆಯ ಅಧ್ಯಾಪಕರಿಗೆ ಒಂದು ಸೂಚನೆ. ಬೇತಾಳನ ಕಥೆಯ ರಾಜನನ್ನು ತೆಲುಗಿನಲ್ಲಿ ‘ಪಟ್ಟು ವದಲನಿ ವಿಕ್ರಮಾರ್ಕುಡು’ ಎನ್ನುತ್ತಾರೆ, ಕನ್ನಡದಲ್ಲಿ ‘ಛಲ ಬಿಡದ ತ್ರಿವಿಕ್ರಮ’. ಪಟ್ಟು ಎಂದರೆ ಹಿಡಿತ. ಅದು ಕೈಯ ಮಾತು, ಕುಸ್ತಿಯ ಕಣದ ಮಾತು. ಎರಡು ಭಾಷೆಗಳನ್ನೂ ಬಲ್ಲ ಮಕ್ಕಳ ಮುಂದೆ ಈ ಎರಡು ನುಡಿಗಳನ್ನಿಟ್ಟು ಬಳಿಕ ಪಂಪನ ಪದ್ಯಕ್ಕೆ ಬಂದರೆ, ಅಲ್ಲಿಯ ಛಲಕ್ಕೆ ಪದಕೋಶವನ್ನು ಬಿಚ್ಚಬೇಕಾಗುವುದಿಲ್ಲ.