ನೇತ್ರದೋಲನವೂ ಅದರ ಶಸ್ತ್ರಚಿಕಿತ್ಸೆಯೂ

ಕೆಲವು ಶಿಶುಗಳಿಗೆ ಎರಡು ಮೂರು ತಿಂಗಳು ತುಂಬುವಷ್ಟರಲ್ಲಿ ಕಣ್ಣಾಲಿಗಳು ತೂಗುವ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತವೆ. ಇದು ಶಿಶುವು ಬೇಕೆಂದು ಮಾಡುವುದಲ್ಲ; ಬೇಡವೆಂದು ನಿಲ್ಲಿಸುವುದೂ ಅದರ ವಶದಲ್ಲಿಲ್ಲ. ಪಾಶ್ಚಾತ್ಯ ವೈದ್ಯರು ಇದನ್ನು ನಿಸ್ಟಾಗ್ಮಸ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ತೂಕಡಿಕೆಯೆಂದೇ ಮೂಲಾರ್ಥವು. ತೂಕಡಿಸುವವನ ತಲೆಯು ಮೆಲ್ಲನೆ ಬಾಗಿ ಥಟ್ಟನೆ ಮೇಲೇಳುವಂತೆ, ಈ ಕಣ್ಣೂ ಮೆಲ್ಲನೆ ಸರಿದು ಥಟ್ಟನೆ ಹಿಂದಿರುಗುವುದುಂಟು. ಕನ್ನಡದಲ್ಲಿ ನೇತ್ರದೋಲನವೆಂದರೆ ಸಲ್ಲಬಹುದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪರಿಗಣಿತವಾದ ೭೬ ನೇತ್ರರೋಗಗಳಲ್ಲಿ 'ನಿಮೇಷ'ವೆಂಬುದೊಂದಿದೆ. ಅದನ್ನು ಇದೆಂದು ಭ್ರಮಿಸಲಾಗದು. ಅದು ರೆಪ್ಪೆಯ ದೋಷವೇ ಹೊರತು ಆಲಿಯದಲ್ಲ.

ಕಣ್ಣು ಹೀಗೆ ಸದಾ ಓಲಾಡುತ್ತಿದ್ದರೂ ಆ ಮಗುವಿಗೆ ಜಗತ್ತು ಓಲಾಡುವಂತೆ ತೋರುವುದಿಲ್ಲ. ಶೈಶವದಲ್ಲಿಯೇ ಆರಂಭವಾದ ಚಲನೆಗೆ ಮೆದುಳು ಹೊಂದಿಕೊಂಡುಬಿಟ್ಟಿರುತ್ತದೆ. ಆದರೆ ನೋಡಿದ ವಸ್ತುವಿನ ಬಿಂಬವು ಕಣ್ಣಿನೊಳಗಿನ ತೀಕ್ಷ್ಣದೃಷ್ಟಿಯ ಬಿಂದುವಿನ ಮೇಲೆ ನಿಲ್ಲದುದರಿಂದ ಸಣ್ಣ ಅಕ್ಷರಗಳೂ ದೂರದ ಮುಖಗಳೂ ಸ್ಪಷ್ಟವಾಗುವುದಿಲ್ಲ. ಅನೇಕರಲ್ಲಿ ದೃಷ್ಟಿಯನ್ನು ಒಂದು ನಿರ್ದಿಷ್ಟ ದಿಕ್ಕಿಗೆ ಹೊರಳಿಸಿದಾಗ ಮಾತ್ರ ದೋಲನವು ಬಹಳ ಮಟ್ಟಿಗೆ ತಗ್ಗುತ್ತದೆ. ಇದನ್ನು ಶಾಂತಸ್ಥಾನವೆನ್ನಬಹುದು. ಅದು ಬಲಗಡೆಗಿದ್ದರೆ, ಎದುರಿನ ಕಪ್ಪುಹಲಗೆಯನ್ನು ಓದಬೇಕಾದ ಬಾಲಕನು ಮುಖವನ್ನು ಎಡಕ್ಕೆ ತಿರುಗಿಸಿ ಕಣ್ಣನ್ನು ಬಲಕ್ಕೆ ಓರೆಮಾಡಿಕೊಂಡು ಕುಳಿತುಕೊಳ್ಳುತ್ತಾನೆ. 'ನೆಟ್ಟಗೆ ನೋಡು' ಎಂದು ಗದರಿಸುವ ಉಪಾಧ್ಯಾಯನು, ಆ ಬಾಲಕನಿಗೆ ಇದ್ದ ಒಂದೇ ಉಪಾಯವನ್ನು ಕಸಿದುಕೊಳ್ಳುತ್ತಿರುವನೆಂಬುದನ್ನು ಅರಿಯನು.

ಇಂತಹ ಕಣ್ಣಿಗೆ ಶಸ್ತ್ರದಿಂದ ಪರಿಹಾರವುಂಟೆ ಎಂಬ ಯೋಚನೆಯು ಮೆಳ್ಳೆಗಣ್ಣಿನ ಚಿಕಿತ್ಸೆಯ ಬೆನ್ನಿಗೆ ಹುಟ್ಟಿದುದು. ೧೮೩೯ರಲ್ಲಿ ಬರ್ಲಿನ್ ನಗರದ ಡೀಫೆನ್‌ಬಾಖ್ ಎಂಬ ಶಸ್ತ್ರವೈದ್ಯನು ಏಳು ವರ್ಷದ ಬಾಲಕನೊಬ್ಬನ ಮೆಳ್ಳೆಗಣ್ಣಿನ ಒಳಬದಿಯ ಮಾಂಸಖಂಡವನ್ನು ಕತ್ತರಿಸಿ ಕಣ್ಣನ್ನು ನೆಟ್ಟಗೆ ಮಾಡಿದನು. ಅರಿವಳಿಕೆಯ ಔಷಧವು ಇನ್ನೂ ಬಳಕೆಗೆ ಬಾರದಿದ್ದ ಕಾಲವದು; ಆ ಬಾಲಕನ ಪಾಡನ್ನು ವಾಚಕರೇ ಊಹಿಸಿಕೊಳ್ಳಬೇಕು. ೧೮೫೭ರಲ್ಲಿ ಅದೇ ನಗರದ ಬೋಮ್ ಎಂಬಾತನು ನೇತ್ರದೋಲನವನ್ನೂ ಅದನ್ನು ಗುಣಪಡಿಸುವ ಬಗೆಯನ್ನೂ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಗ್ರಂಥದ ಹೆಸರಿನಲ್ಲಿಯೇ ಅಂದಿನ ಭರವಸೆಯು ವ್ಯಕ್ತವಾಗುತ್ತದೆ. ಆದರೆ ದೋಷವಿರುವುದು ಮಾಂಸಖಂಡದಲ್ಲಲ್ಲ, ಅದನ್ನು ನಡೆಯಿಸುವ ಮೆದುಳಿನ ವ್ಯವಸ್ಥೆಯಲ್ಲಿ. ಕುದುರೆಯ ಹುಚ್ಚಿಗೆ ಲಗಾಮನ್ನು ಕತ್ತರಿಸಿದರೆ ಫಲವೇನು?

ನಿಜವಾದ ಮುನ್ನಡೆಯು ಬಂದುದು ಸುಮಾರು ನೂರು ವರ್ಷಗಳ ತರುವಾಯ. ವಿಯೆನ್ನಾದಿಂದ ನ್ಯೂಯಾರ್ಕಿಗೆ ಬಂದು ನೆಲೆಸಿದ್ದ ಕೆಸ್ಟೆನ್‌ಬೌಮ್, ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ಆಂಡರ್ಸನ್, ಜಪಾನಿನ ಗೋಟೋ ಎಂಬ ಮೂವರು ಹೆಚ್ಚುಕಡಿಮೆ ಒಂದೇ ಆಲೋಚನೆಗೆ ಬಂದರು. ಮೊದಲಿಬ್ಬರ ಲೇಖನಗಳು ೧೯೫೩ರಲ್ಲಿಯೂ ಗೋಟೋವಿನದು ೧೯೫೪ರಲ್ಲಿಯೂ ಪ್ರಕಟವಾದುವು. ದೋಲನವನ್ನು ನಿಲ್ಲಿಸುವ ಹಟವನ್ನು ಇವರು ತೊಡಲಿಲ್ಲ. ಬದಿಗಿರುವ ಶಾಂತಸ್ಥಾನವನ್ನು ನಡುವಿಗೆ ತಂದರೆ ಕತ್ತು ತಿರುಚುವ ಕಷ್ಟವಾದರೂ ತಪ್ಪುವುದಷ್ಟೆ! ಕಣ್ಣುಗಳನ್ನು ಶಾಂತಸ್ಥಾನದ ಕಡೆಗೆ ಎಳೆಯುವ ಮಾಂಸಖಂಡಗಳನ್ನು ಆಂಡರ್ಸನ್ ಹಿಂದಕ್ಕೆ ಸರಿಸಿ ಸಡಿಲಮಾಡಿದನು. ಗೋಟೋ ಅವುಗಳ ಎದುರಾಳಿಗಳನ್ನು ಮೊಟಕುಮಾಡಿ ಬಿಗಿಗೊಳಿಸಿದನು. ಕೆಸ್ಟೆನ್‌ಬೌಮನು ಎರಡನ್ನೂ ಮಾಡಿದನು. ಒಬ್ಬನು ಒಂದು ಕಡೆಯ ಹಗ್ಗವನ್ನು ಸಡಿಲಬಿಟ್ಟರೆ, ಇನ್ನೊಬ್ಬನು ಮತ್ತೊಂದು ಕಡೆಯದನ್ನು ಜಗ್ಗಿದಂತೆ.

ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದಕ್ಕೆ ವಾಷಿಂಗ್ಟನ್ನಿನ ಮಾರ್ಷಲ್ ಪಾರ್ಕ್ಸ್ ೧೯೭೩ರಲ್ಲಿ ಕೊಟ್ಟ ಲೆಕ್ಕವು ಐದು, ಆರು, ಏಳು, ಎಂಟು ಎಂದು ಪ್ರಸಿದ್ಧವಾಗಿದೆ. ಶಾಂತಸ್ಥಾನವು ಬಲಕ್ಕಿದ್ದರೆ, ಎಡಗಣ್ಣಿನಲ್ಲಿ ಮೂಗಿನ ಕಡೆಯ ಮಾಂಸಖಂಡವನ್ನು ೫ ಮಿಲಿಮೀಟರು ಹಿಂದಕ್ಕೆ ಸರಿಸಿ ಕಿವಿಯ ಕಡೆಯದನ್ನು ೮ ಮಿಲಿಮೀಟರು ಮೊಟಕುಮಾಡಬೇಕು. ಬಲಗಣ್ಣಿನಲ್ಲಿ ಮೂಗಿನ ಕಡೆಯದನ್ನು ೬ ಮಿಲಿಮೀಟರು ಮೊಟಕುಮಾಡಿ ಕಿವಿಯ ಕಡೆಯದನ್ನು ೭ ಮಿಲಿಮೀಟರು ಹಿಂದಕ್ಕೆ ಸರಿಸಬೇಕು. ಎರಡು ಕಣ್ಣುಗಳಲ್ಲಿಯೂ ಮೊತ್ತವು ೧೩ ಆಗಿ ತಕ್ಕಡಿಯು ಸಮನಾಗುವುದು ಈ ಲೆಕ್ಕದ ಸೊಗಸು. ಮುಖವು ಬಹಳವಾಗಿ ತಿರುಗಿರುವವರಲ್ಲಿ ಈ ಅಳತೆಯನ್ನು ಮುಂದಿನ ವೈದ್ಯರು ಹೆಚ್ಚಿಸಿದರು.

ಇಷ್ಟರಲ್ಲಿಯೇ ಕಥೆಯು ಮುಗಿಯಬಹುದಾಗಿತ್ತು. ಅದು ಮುಂದುವರಿದುದು ವೈದ್ಯನಲ್ಲದವನೊಬ್ಬನಿಂದ. ಲೂಯಿ ಡೆಲ್‌ಒಸ್ಸೊ ಅಮೆರಿಕದ ವಿದ್ಯುಚ್ಛಾಸ್ತ್ರದ ಇಂಜಿನಿಯರು. ಹುಟ್ಟಿನಿಂದಲೇ ಆತನಿಗೂ ಈ ದೋಲನವಿತ್ತು. ಯಂತ್ರಗಳ ನಿಯಂತ್ರಣವನ್ನು ಲೆಕ್ಕಹಾಕುವ ವಿಧಾನದಿಂದಲೇ ಕಣ್ಣಿನ ಚಲನೆಯನ್ನು ವಿವರಿಸಿ ೧೯೬೮ರಲ್ಲಿ ಪಿಎಚ್.ಡಿ. ಪ್ರಬಂಧವನ್ನು ಬರೆದನು. ಫ್ಲಿನ್ ಎಂಬ ನೇತ್ರವೈದ್ಯನೊಡನೆ ಕೂಡಿ, ಕೆಸ್ಟೆನ್‌ಬೌಮನ ಶಸ್ತ್ರಚಿಕಿತ್ಸೆಯಾದವರ ಕಣ್ಣುಗಳ ಚಲನೆಯನ್ನು ಶಸ್ತ್ರಕ್ಕೆ ಮುಂಚೆಯೂ ಅನಂತರವೂ ರೇಖೆಗಳಲ್ಲಿ ದಾಖಲಿಸಿ ೧೯೭೯ರಲ್ಲಿ ಪ್ರಕಟಿಸಿದನು. ಶಾಂತಸ್ಥಾನವು ನಡುವಿಗೆ ಬಂದುದು ನಿರೀಕ್ಷಿತವೇ. ನಿರೀಕ್ಷಿಸದಿದ್ದುದೇನೆಂದರೆ, ಆ ಸ್ಥಾನವು ಅಗಲವಾಗಿ, ಎಲ್ಲ ದಿಕ್ಕುಗಳಲ್ಲಿಯೂ ದೋಲನವೇ ತಗ್ಗಿದುದು.

ಕಣ್ಣು ತಿರುಗಿ ಕುಳಿತಮಾತ್ರಕ್ಕೆ ಹೀಗಾಗತಕ್ಕದ್ದಲ್ಲ. ಇದನ್ನು ಬಹುಕಾಲ ಚಿಂತಿಸಿ ಆತನು ೧೯೯೮ರಲ್ಲಿ ಒಂದು ಊಹೆಯನ್ನು ಮುಂದಿಟ್ಟನು. ಮಾಂಸಖಂಡವನ್ನು ಸರಿಸಬೇಕಾಗಿಯೇ ಇಲ್ಲ. ಅದರ ಸ್ನಾಯುರಜ್ಜುವನ್ನು ಕಣ್ಣುಗುಡ್ಡೆಯಿಂದ ಬಿಡಿಸಿ, ಇದ್ದ ಜಾಗದಲ್ಲಿಯೇ ಮತ್ತೆ ಹೊಲಿದರೆ ಸಾಕು. ಆ ಜಾಗದಲ್ಲಿರುವ ನರತಂತುಗಳ ತುದಿಗಳು ಮಾಂಸಖಂಡದ ಬಿಗಿತವನ್ನು ಮೆದುಳಿಗೆ ತಿಳಿಸುವಂಥವು. ಆ ವರ್ತಮಾನವು ಬದಲಾದರೆ ದೋಲನವು ಶಮಿಸಬಹುದು. ಹೀಗೆ ಬಿಡಿಸಿ ಅಲ್ಲಿಯೇ ಹೊಲಿಯುವ ಚಿಕಿತ್ಸೆಯನ್ನು ಅನೇಕರು ನಂಬದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯು ಮೊದಲು ನಡೆದುದು, ಎರಡು ಕಣ್ಣುಗಳ ನರಗಳು ಮೆದುಳಿನ ಬುಡದಲ್ಲಿ ಹಾಯ್ದುಹೋಗಬೇಕಾದ ಸಂಧಿಯೇ ಇಲ್ಲದೆ ಹುಟ್ಟಿದ ಬೆಲ್ಜಿಯನ್ ಶೀಪ್‌ಡಾಗ್ ತಳಿಯ ಒಂದು ನಾಯಿಯ ಮೇಲೆ. ಅದರ ದೋಲನವು ತಗ್ಗಿತೆಂದು ೧೯೯೯ರಲ್ಲಿ ವರದಿಯಾಯಿತು. ೨೦೦೨ರಲ್ಲಿ ಮಕಾಕ್ ಜಾತಿಯ ಕಪಿಗಳಲ್ಲಿ ಇದನ್ನೇ ಪರೀಕ್ಷಿಸಿದ ವಾಂಗ್ ಮತ್ತು ಟೈಕ್ಸನ್ ಎಂಬವರಿಗೆ ಅಂಥ ಪ್ರಯೋಜನವು ಕಾಣಲಿಲ್ಲ. ವಾದವು ಹೀಗೆ ಇಬ್ಬಗೆಯಾಯಿತು.

ಮನುಷ್ಯರ ವಿಷಯದಲ್ಲಿ ರಿಚರ್ಡ್ ಹರ್ಟಲ್ ಎಂಬ ಶಸ್ತ್ರವೈದ್ಯನು ಡೆಲ್‌ಒಸ್ಸೊನೊಡನೆ ೧೦ ಮಂದಿ ವಯಸ್ಕರ ಫಲಿತಾಂಶವನ್ನು ೨೦೦೩ರಲ್ಲಿಯೂ ೫ ಮಂದಿ ಮಕ್ಕಳದನ್ನು ೨೦೦೪ರಲ್ಲಿಯೂ ಪ್ರಕಟಿಸಿದನು. ರೇಖೆಗಳ ಮಾಪನದಲ್ಲಿ ಬಹುಮಂದಿಗೆ ಸುಧಾರಣೆಯು ಕಂಡಿತು. ಅಕ್ಷರಫಲಕವನ್ನು ಓದುವುದರಲ್ಲಿ ಎಲ್ಲರಿಗೂ ಅಷ್ಟು ಕಾಣಲಿಲ್ಲ. ಪರೀಕ್ಷೆಗೊಳಗಾದವರ ಸಂಖ್ಯೆಯು ಬಹಳ ಸಣ್ಣದೆಂಬುದನ್ನೂ ಮರೆಯತಕ್ಕದ್ದಲ್ಲ. ದೋಲನವು ಪೂರ್ತಿಯಾಗಿ ನಿಂತುಹೋಗುವುದೆಂದು ಯಾವ ಪ್ರಾಮಾಣಿಕ ವೈದ್ಯನೂ ತಾಯಿತಂದೆಗಳಿಗೆ ಮಾತು ಕೊಡನು. ದೋಷಕ್ಕೆ ಮೂಲವು ಕಣ್ಣಿನೊಳಗಿನ ಪಟಲದಲ್ಲಿಯೋ ವರ್ಣಹೀನತೆಯಲ್ಲಿಯೋ ಇದ್ದರೆ, ಆ ಮಟ್ಟಿಗಿನ ದೃಷ್ಟಿಮಾಂದ್ಯವು ಹಾಗೆಯೇ ಉಳಿಯುತ್ತದೆ.

ಫಲಕದ ಅಕ್ಷರಗಳಿಂದ ಅಳೆಯಲಾಗದ ಲಾಭವೊಂದು ಅನಂತರದ ದಾಖಲೆಗಳಲ್ಲಿ ಕಂಡುಬಂದಿತು. ಈ ಕಣ್ಣುಳ್ಳವರು ತಾವು ನೋಡುವುದು ನಿಧಾನವೆಂದು ಹಿಂದಿನಿಂದಲೂ ಹೇಳಿಕೊಳ್ಳುತ್ತಿದ್ದರು. ಕರೆದವರ ಕಡೆಗೆ ತಿರುಗಿ, ಅವರು ಯಾರೆಂದು ಗುರುತಿಸುವಷ್ಟರಲ್ಲಿ ಅವರು ದಾಟಿಹೋಗಿರುವುದುಂಟು. ಸ್ನಾಯುರಜ್ಜುಗಳನ್ನು ಬಿಡಿಸಿ ಹೊಲಿದ ಮೇಲೆ, ನೋಡಬೇಕಾದ ವಸ್ತುವಿನ ಮೇಲೆ ದೃಷ್ಟಿಯು ನೆಲೆಗೊಳ್ಳಲು ಹಿಡಿಯುವ ಆ ಕಾಲವು ಕಡಿಮೆಯಾಯಿತು.